ಹೆಡ್ ಬೋಲ್ಟ್: ಹಳೆಯದನ್ನೇ ಹಾಕಬಹುದೇ, ಹೇಗೆ ಬಿಗಿಯಬೇಕು?

ಪ್ರಶ್ನೆ: ನನ್ನದು 2012ರ ಸ್ವಿಫ್ಟ್ ಡೀಸೆಲ್. ಆಗುಂಬೆ ಘಾಟಿ ಹತ್ತುವಾಗ ಹೀಟ್ ಆಗಿ ನಿಂತಿತು. ಗ್ಯಾರೇಜಿನಲ್ಲಿ ಹೆಡ್ (ಎಂಜಿನ್‌ನ ಮೇಲಿನ ಮುಚ್ಚಳ) ಇಳಿಸಿ ನೋಡಿದರೆ ಗ್ಯಾಸ್ಕೆಟ್ (ಹೆಡ್ಡಿಗೂ ಕೆಳಗೆ ಸಿಲಿಂಡರುಗಳಿರುವ ಬ್ಲಾಕಿಗೂ ನಡುವಿನ ಹಾಳೆ) ಹೋಗಿದೆ. ಹೆಡ್ಡನ್ನು ಈಗ ಲೇತಿಗೆ ಕೊಟ್ಟಿದ್ದಾರೆ. "ಬೋಲ್ಟ್ ಎಲ್ಲ ಚೆನ್ನಾಗಿಯೇ ಉಂಟು, ತೊಳೆದು ಅದನ್ನೇ ಹಾಕುವ" ಎನ್ನುತ್ತಾರೆ ಮೆಕ್ಯಾನಿಕ್. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಹೊಸದೇ ಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ? ಥ್ರೆಡ್ಡಿಗೆ ಆಯಿಲ್ ಹಚ್ಚಬೇಕೇ? 500 ಕಿಮೀ ಓಡಿದ ಮೇಲೆ ಮತ್ತೊಮ್ಮೆ ಟೈಟ್ ಮಾಡಬೇಕೇ?
(ಕಾಪುವಿನ ಓದುಗರೊಬ್ಬರು)

ಉತ್ತರ: ನಿಮ್ಮ ಗಾಡಿಗೆ ಹೊಸ ಬೋಲ್ಟೇ ಹಾಕಿಸಿ. ಪೂರ್ತಿ ಸೆಟ್ ಹಾಕಿಸಿ. ನಾಲ್ಕು ಹೊಸದು, ಆರು ಹಳೆಯದು ಎಂಬ ರಾಜಿ ಬೇಡ. ಹಾಗೆಂದು ನಿಮ್ಮ ಮೆಕ್ಯಾನಿಕ್ ಹಣ ಉಳಿಸಲು ಏನೋ ಹೇಳುತ್ತಿದ್ದಾರೆ ಎಂದು ತಿಳಿಯಬೇಡಿ. ಅವರ ಕೈ ಪಳಗಿದ್ದು ಬಹುಶಃ ಮಾರುತಿ 800, ಅಂಬಾಸಿಡರ್ ಇಂಥ ಗಾಡಿಗಳಲ್ಲಿ. ಅಲ್ಲಿ ಅವರ ಮಾತು ಸರಿ. ಅಂಬಾಸಿಡರ್‌ನಲ್ಲಿ ಹೆಡ್ಡಿಗೆ ಸ್ಟಡ್ಡು (ಬ್ಲಾಕಿನಲ್ಲೇ ಕೂತಿರುವ, ತಲೆಯಿಲ್ಲದ ಬೋಲ್ಟು) ಮತ್ತು ನಟ್ಟು ಇತ್ತು. 800ರಲ್ಲಿ ಬೋಲ್ಟನ್ನು ಇಷ್ಟು ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಿಗಿಯಿರಿ ಎಂದಷ್ಟೇ ಇತ್ತು. ಥ್ರೆಡ್ ಸರಿ ಇದ್ದರೆ, ತುಕ್ಕು ಇಲ್ಲದಿದ್ದರೆ, ಅದೇ ಬೋಲ್ಟನ್ನು ಎಷ್ಟೋ ಸಲ ಹಾಕಿದ್ದಾರೆ. ಗಾಡಿ ಓಡಿದೆ ಕೂಡ. ನಿಮ್ಮ ಎಂಜಿನ್‌ನ ಬೋಲ್ಟಿನ ಲೆಕ್ಕವೇ ಬೇರೆ. ನೋಡಲು ಒಂದೇ ಥರ ಕಾಣುತ್ತದೆ, ಅದೇ ಇಲ್ಲಿನ ತೊಂದರೆ.

ಹೆಡ್ ಬೋಲ್ಟಿನ ಕೆಲಸ ಹೆಡ್ಡನ್ನು ಬ್ಲಾಕಿಗೆ ಅಂಟಿಸಿಡುವುದು ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಬೋಲ್ಟು ಒಂದು ಸ್ಪ್ರಿಂಗು. ಬಿಗಿದಾಗ ಅದು ಸ್ವಲ್ಪ ಉದ್ದವಾಗುತ್ತದೆ. ಉದ್ದವಾದದ್ದು ಮತ್ತೆ ಗಿಡ್ಡವಾಗಲು ಎಳೆಯುತ್ತದೆ. ಆ ಎಳೆತವೇ ಗ್ಯಾಸ್ಕೆಟ್ಟನ್ನು ಒತ್ತಿ ಹಿಡಿಯುವುದು. ಬೋಲ್ಟು ಎಷ್ಟು ಹಿಗ್ಗಿತು ಎಂಬುದೇ ಮುಖ್ಯ. ನಿಮ್ಮ ಕೈಗೆ ಎಷ್ಟು ಬಿಗಿ ಅನಿಸಿತು ಎಂಬುದು ಆಮೇಲಿನ ಮಾತು.

ಎಷ್ಟು ಒತ್ತಡ ಹಿಡಿಯಬೇಕು ಗೊತ್ತೇ? ನಿಮ್ಮ 1.3 ಲೀಟರ್ ಎಂಜಿನ್‌ನ ಸಿಲಿಂಡರ್ ಬೋರ್, ಅಂದರೆ ಒಳಗಿನ ಅಗಲ, 69.6 ಮಿಮೀ. ಡೀಸೆಲ್ ಉರಿಯುವಾಗ ಒಳಗಿನ ಒತ್ತಡ 150 ಬಾರ್ ಎಂದು ಹಿಡಿಯಿರಿ. ಆಗ ಒಂದೊಂದು ಸಿಲಿಂಡರ್ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಐದೂವರೆ ಟನ್ನಿಗಿಂತ ಜಾಸ್ತಿ. 3000 ಆರ್‌ಪಿಎಮ್‌ನಲ್ಲಿ ಪ್ರತಿ ಸಿಲಿಂಡರಿನಲ್ಲೂ ಇದು ಸೆಕೆಂಡಿಗೆ 25 ಸಲ ಆಗುತ್ತದೆ. ಪ್ರತಿ ಸಲವೂ ಹೆಡ್ಡು ಕೂದಲೆಳೆಯಷ್ಟೂ ಮೇಲೇಳಬಾರದು. ಎದ್ದರೆ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಬಿಸಿ ಗ್ಯಾಸ್ ನುಸುಳುತ್ತದೆ, ಆಮೇಲೆ ಅದು ತನ್ನ ದಾರಿಯನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ.

ಈಗ ಟಾರ್ಕ್ ವಿಷಯಕ್ಕೆ ಬರೋಣ. ಟಾರ್ಕ್ ರೆಂಚ್ ಹೇಳುವುದು ಬೋಲ್ಟನ್ನು ತಿರುಗಿಸಲು ಎಷ್ಟು ಬಲ ಬೇಕಾಯಿತು ಎಂದು ಮಾತ್ರ. ಆ ಬಲದ ಅರ್ಧದಷ್ಟು ಬೋಲ್ಟಿನ ತಲೆಯ ಕೆಳಗಿನ ಉಜ್ಜುವಿಕೆಯಲ್ಲೇ ಮುಗಿಯುತ್ತದೆ. ಇನ್ನೊಂದು ದೊಡ್ಡ ಪಾಲು, ಸುಮಾರು 40 ಶೇಕಡಾ, ಥ್ರೆಡ್ಡಿನಲ್ಲಿ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತನೇ ಒಂದು ಪಾಲಿನಷ್ಟು. ಹಾಗಾಗಿ ಥ್ರೆಡ್ಡಿನಲ್ಲಿ ಸ್ವಲ್ಪ ತುಕ್ಕು, ಸ್ವಲ್ಪ ಮಣ್ಣು ಇದ್ದರೂ ಲೆಕ್ಕ ಪೂರ್ತಿ ತಪ್ಪುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. 10 ಮಿಮೀ ಬೋಲ್ಟನ್ನು ಒಣಗಿದ ಹಾಗೆಯೇ 60 ನ್ಯೂಟನ್ ಮೀಟರಿಗೆ ಬಿಗಿದರೆ ಅದು ಅಂದಾಜು 3 ಟನ್ ಬಲದಲ್ಲಿ ಒತ್ತುತ್ತದೆ. ಅದೇ ಬೋಲ್ಟಿಗೆ ಆಯಿಲ್ ಹಚ್ಚಿ ಅದೇ 60ಕ್ಕೆ ಬಿಗಿದರೆ 4 ಟನ್ ಹತ್ತಿರ ಹೋಗುತ್ತದೆ. ರೆಂಚ್ ಎರಡು ಸಲವೂ ಒಂದೇ ರೀತಿ ಟಕ್ ಎನ್ನುತ್ತದೆ. ಪಕ್ಕಪಕ್ಕದ ಎರಡು ಬೋಲ್ಟುಗಳ ನಡುವೆ ಒಂದು ಟನ್ ವ್ಯತ್ಯಾಸ ಬಂದರೆ ಗ್ಯಾಸ್ಕೆಟ್ ಎಲ್ಲಿ ಬಾಯಿ ಬಿಡುತ್ತದೆ ಎಂದು ನೀವೇ ಊಹಿಸಬಹುದು.

ಈ ತೊಂದರೆಗೆ ಕಂಪನಿಗಳು ಕಂಡುಕೊಂಡ ದಾರಿ ಡಿಗ್ರಿ ಲೆಕ್ಕ. ಮೊದಲು ಕಡಿಮೆ ಟಾರ್ಕಿಗೆ ಬಿಗಿದು ಎಲ್ಲ ಬೋಲ್ಟನ್ನೂ ಸಮವಾಗಿ ಕೂರಿಸುವುದು. ಆಮೇಲೆ ಟಾರ್ಕ್ ನೋಡದೆ ಇಷ್ಟು ಡಿಗ್ರಿ ತಿರುಗಿಸುವುದು. ಥ್ರೆಡ್ಡಿನ ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ) 1.25 ಮಿಮೀ ಆದರೆ 90 ಡಿಗ್ರಿಗೆ ಬೋಲ್ಟು 0.31 ಮಿಮೀ ಕೆಳಗಿಳಿಯುತ್ತದೆ. ಆಯಿಲ್ ಇರಲಿ, ಇಲ್ಲದಿರಲಿ, ಇಳಿಯುವುದು ಅಷ್ಟೇ. ಉಜ್ಜುವಿಕೆಯ ಆಟ ಇಲ್ಲಿ ಜಾಸ್ತಿ ನಡೆಯುವುದಿಲ್ಲ.

ಎರಡು ಸಲ 90 ಡಿಗ್ರಿ ತಿರುಗಿಸಿದರೆ 0.62 ಮಿಮೀ ಆಯಿತು. ಇದರಲ್ಲಿ ಸ್ವಲ್ಪ ಗ್ಯಾಸ್ಕೆಟ್ ಮತ್ತು ಹೆಡ್ ಅದುಮಿಕೊಳ್ಳುವುದಕ್ಕೆ ಹೋಗುತ್ತದೆ, ಉಳಿದದ್ದು ಬೋಲ್ಟು ಹಿಗ್ಗುವುದಕ್ಕೆ. ಬೋಲ್ಟಿನ ತಲೆಯ ಮೇಲೆ 10.9 ಎಂದು ಬರೆದಿರುತ್ತದೆ, ನೋಡಿರಬಹುದು. ಆ ದರ್ಜೆಯ ಉಕ್ಕು 100 ಮಿಮೀ ಉದ್ದಕ್ಕೆ ಸುಮಾರು 0.44 ಮಿಮೀ ಹಿಗ್ಗುವವರೆಗೆ ಸ್ಪ್ರಿಂಗಿನ ಹಾಗೆ ವಾಪಸ್ ಬರುತ್ತದೆ. ಅದನ್ನು ದಾಟಿದರೆ ಸ್ವಲ್ಪ ಭಾಗ ಶಾಶ್ವತವಾಗಿ ಉದ್ದವಾಗಿಯೇ ಉಳಿಯುತ್ತದೆ. ಈ ಬೋಲ್ಟುಗಳನ್ನು ಬೇಕೆಂದೇ ಆ ಗೆರೆ ದಾಟಿಸುತ್ತಾರೆ. ಏಕೆಂದರೆ ಗೆರೆ ದಾಟಿದ ಮೇಲೆ ಇನ್ನೂ ಸ್ವಲ್ಪ ತಿರುಗಿಸಿದರೂ ಎಳೆತ ಹೆಚ್ಚು ಏರುವುದಿಲ್ಲ, ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಹಾಗಾಗಿ ಹತ್ತೂ ಬೋಲ್ಟು ಹೆಚ್ಚುಕಡಿಮೆ ಒಂದೇ ಬಲದಲ್ಲಿ ಒತ್ತುತ್ತವೆ. ಇದಕ್ಕೆ ಸ್ಟ್ರೆಚ್ ಬೋಲ್ಟ್ ಎನ್ನುತ್ತಾರೆ.

ಇನ್ನೊಂದು ಕಾರಣವೂ ಇದೆ. ನಿಮ್ಮ ಹೆಡ್ ಅಲ್ಯುಮಿನಿಯಂ, ಬೋಲ್ಟು ಉಕ್ಕು. ಬಿಸಿಯಾದಾಗ ಅಲ್ಯುಮಿನಿಯಂ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 100 ಮಿಮೀ ಎತ್ತರದ ಹೆಡ್ಡು 20 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಅದು ಬೋಲ್ಟಿಗಿಂತ 0.08 ಮಿಮೀನಷ್ಟು ಜಾಸ್ತಿ ಬೆಳೆಯುತ್ತದೆ. ಅಂದರೆ ಪ್ರತಿ ಸಲ ಎಂಜಿನ್ ಬಿಸಿಯಾದಾಗ ಬೋಲ್ಟನ್ನು ಇನ್ನಷ್ಟು ಎಳೆಯುತ್ತದೆ, ತಣ್ಣಗಾದಾಗ ಬಿಡುತ್ತದೆ. ನೀವು ಆಗುಂಬೆಯಲ್ಲಿ ಹೀಟ್ ಆಗಿ ನಿಂತಿರಿ ಎಂದಿರಿ. ಆಗ ಹೆಡ್ಡಿನ ಬಿಸಿ 90ಕ್ಕೆ ನಿಂತಿರುವುದಿಲ್ಲ. ಆ ಹೆಚ್ಚುವರಿ ಎಳೆತವನ್ನೆಲ್ಲ ತಿಂದದ್ದು ಇದೇ ಬೋಲ್ಟುಗಳು. ನಿಮ್ಮ ವಿಷಯದಲ್ಲಿ ನಾನು ಇಷ್ಟು ಖಡಾಖಂಡಿತ ಹೊಸದೇ ಹಾಕಿಸಿ ಎನ್ನಲು ಇದೂ ಒಂದು ಕಾರಣ.

ಒಮ್ಮೆ ಹಿಗ್ಗಿದ ಬೋಲ್ಟನ್ನು ಮತ್ತೆ ಹಾಕಿದರೆ ತಕ್ಷಣ ತುಂಡಾಗುತ್ತದೆ ಎಂದೇನಿಲ್ಲ. ಎಷ್ಟೋ ಸಲ ಆಗುವುದೂ ಇಲ್ಲ. ಅದಕ್ಕೇ ಹಳೆಯದು ಹಾಕಿದರೂ ಏನೂ ಆಗಲಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ಆದರೆ ಅದು ತನ್ನಲ್ಲಿದ್ದ ಹಿಗ್ಗುವ ಶಕ್ತಿಯ ಒಂದು ಪಾಲನ್ನು ಖರ್ಚು ಮಾಡಿಯಾಗಿದೆ. ಎರಡನೇ ಸಲ 180 ಡಿಗ್ರಿ ತಿರುಗಿಸಿದಾಗ ಇನ್ನೊಂದು ಪಾಲು ಹೋಗುತ್ತದೆ. ಹತ್ತರಲ್ಲಿ ಒಂದು ಬೋಲ್ಟಿನ ಸೊಂಟ ತೆಳ್ಳಗಾದರೆ ಸಾಕು, ಅಲ್ಲಿ ಒತ್ತಡ ಕಡಿಮೆ. ಅದು ಗೊತ್ತಾಗುವುದು ಯಾವಾಗ? ಆರು ತಿಂಗಳು, ಒಂದು ವರ್ಷ ಬಿಟ್ಟು ಮತ್ತೆ ರೇಡಿಯೇಟರಿನ ನೀರು ಕಡಿಮೆಯಾಗಲು ಶುರುವಾದಾಗ. ಆಗ ಗ್ಯಾಸ್ಕೆಟ್ ಕಂಪನಿಯನ್ನು ಬೈಯುತ್ತೇವೆ.

ಡಿಗ್ರಿಯಲ್ಲಿ ಬಿಗಿಯುವ ಎಲ್ಲ ಬೋಲ್ಟನ್ನೂ ಬಿಸಾಡಲೇಬೇಕು ಎಂದು ಕೂಡ ಇಲ್ಲ. ಅಂಗಡಿಯವರು ಹಾಗೆ ಹೇಳಿದ್ದರೆ ಅದು ಅರ್ಧ ಸತ್ಯ. ಲಾರಿಗಳಲ್ಲಿ ಬರುತ್ತಿದ್ದ ಕಮಿನ್ಸ್ 5.9 ಲೀಟರಿನ ಬಿ ಸರಣಿ ಎಂಜಿನ್ ನೋಡಿ. ಅದರಲ್ಲೂ ಕೊನೆಗೆ 90 ಡಿಗ್ರಿ ತಿರುಗಿಸುವುದಿದೆ. ಆದರೂ ಬೋಲ್ಟಿನ ಉದ್ದ ಅಳೆದು, ಮಿತಿಯೊಳಗೆ ಇದ್ದರೆ ಮತ್ತೆ ಹಾಕಬಹುದು. ಮಾರುತಿ ಎಸ್‌ಎಕ್ಸ್4ರ ಎಂ16ಎ ಪೆಟ್ರೋಲ್ ಎಂಜಿನ್‌ನಲ್ಲಿ ಸುಜುಕಿ ಉದ್ದ ಅಳೆಯಲು ಹೇಳುವುದಿಲ್ಲ, ದಪ್ಪ ಅಳೆಯಲು ಹೇಳುತ್ತದೆ. ಥ್ರೆಡ್ಡಿನ ಮೇಲೆ ಎರಡು ಕಡೆ ಮೈಕ್ರೋಮೀಟರ್ ಹಿಡಿಯಬೇಕು. ಎರಡರ ನಡುವಿನ ವ್ಯತ್ಯಾಸ 0.1 ಮಿಮೀ ದಾಟಿದರೆ ಆ ಬೋಲ್ಟು ಬೇಡ. ಟೊಯೊಟಾದ ಹಲವು ಎಂಜಿನ್‌ಗಳಲ್ಲೂ ದಪ್ಪದ್ದೇ ಲೆಕ್ಕ. ಹಾಗಾಗಿ ನಿಮ್ಮ ಎಂಜಿನ್ ನಂಬರಿನ ಸರ್ವಿಸ್ ಮ್ಯಾನುವಲ್ ಏನು ಹೇಳುತ್ತದೆ ಎಂಬುದೇ ಕೊನೆಯ ಮಾತು. ಅಳತೆಯ ಮಿತಿ ಕೊಟ್ಟಿದ್ದರೆ ಅಳೆಯಿರಿ. ಹೊಸದು ಹಾಕಿ ಎಂದಿದ್ದರೆ ಹೊಸದು. ಮ್ಯಾನುವಲ್ ಸಿಗದೆ, ಡಿಗ್ರಿಯಲ್ಲಿ ಬಿಗಿಯುವ ಬೋಲ್ಟು ಎಂದು ಮಾತ್ರ ಗೊತ್ತಿದ್ದರೆ, ಆಗಲೂ ಹೊಸದು.

ಗ್ಯಾರೇಜಿಗೆ ಹೋದಾಗ ಹಳೆ ಬೋಲ್ಟುಗಳನ್ನು ಒಮ್ಮೆ ತೋರಿಸಿ ಎನ್ನಿ. ದಪ್ಪ ಗಾಜಿನ ತುಂಡಿನ ಮೇಲೆ ತಲೆ ಕೆಳಗೆ ಮಾಡಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ. ಮೇಲೊಂದು ಸ್ಟೀಲ್ ಸ್ಕೇಲ್ ಇಡಿ. ಒಂದೆರಡು ಎತ್ತರವಾಗಿ ಎದ್ದು ಕಂಡರೆ ಅವು ಹಿಗ್ಗಿವೆ. ಆಮೇಲೆ ಅದೇ ಅಳತೆಯ ಹೊಸ ನಟ್ಟನ್ನು ಬೆರಳಲ್ಲೇ ತಿರುಗಿಸಿ ಥ್ರೆಡ್ಡಿನ ಪೂರ್ತಿ ಉದ್ದಕ್ಕೆ ಓಡಿಸಿ. ನಡುವೆ ಎಲ್ಲಿಯೋ ಹಿಡಿದರೆ ಅಲ್ಲಿ ಪಿಚ್ ಎಳೆದುಕೊಂಡಿದೆ ಎಂದು ಅರ್ಥ. ಥ್ರೆಡ್ಡಿನ ಮೇಲಿನ ನುಣುಪಾದ ಭಾಗದಲ್ಲಿ ತುಕ್ಕು ತಿಂದ ಸಣ್ಣ ಗುಂಡಿಗಳು ಇವೆಯಾ ನೋಡಿ. ನಮ್ಮ ಕರಾವಳಿಯಲ್ಲಿ ಇದು ಬಹಳ. ಉಪ್ಪು ಗಾಳಿ, ಮಳೆಗಾಲದ ತೇವ. ಹೆಡ್ ಲೇತಿಗೆ ಹೋಗಿ ಬರುವಷ್ಟರಲ್ಲಿ ಡಬ್ಬಿಯಲ್ಲಿ ಬಿದ್ದ ಬೋಲ್ಟಿಗೆ ಕೆಂಪು ಬಂದಿರುತ್ತದೆ. ಮೇಲಿನ ಕೆಂಪು ಉಜ್ಜಿದರೆ ಹೋಗುತ್ತದೆ, ಗುಂಡಿ ಹೋಗುವುದಿಲ್ಲ. ಬಿರುಕು ಶುರುವಾಗುವುದೇ ಅಂಥ ಗುಂಡಿಯಿಂದ.

ಈ ಪರೀಕ್ಷೆಗಳಿಗೆ ಒಂದು ಮಿತಿ ಇದೆ. ಕೆಟ್ಟ ಬೋಲ್ಟನ್ನು ಹೊರಗಿಡಲು ಇವು ಸಾಕು. ಬೋಲ್ಟು ಒಳ್ಳೆಯದು ಎಂದು ಪಾಸು ಮಾಡಲು ಸಾಲುವುದಿಲ್ಲ. ತಲೆಯ ಕೆಳಗಿನ ತಿರುವಿನಲ್ಲಿ, ಬ್ಲಾಕಿನೊಳಗೆ ಹಿಡಿದುಕೊಳ್ಳುವ ಮೊದಲ ಥ್ರೆಡ್ಡಿನಲ್ಲಿ ಬರುವ ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ.

ಇಷ್ಟೆಲ್ಲ ಯಾಕೆ ನೋಡಬೇಕು, ಹೇಗೂ ಹೊಸದು ಹಾಕುವುದಲ್ವಾ ಎಂದು ಕೇಳಬಹುದು. ಹಳೆ ಬೋಲ್ಟುಗಳು ಕಥೆ ಹೇಳುತ್ತವೆ. ಯಾವ ಬೋಲ್ಟು ಯಾವ ತೂತಿನದು ಎಂದು ಗೊತ್ತಿದ್ದರೆ ಇನ್ನೂ ಒಳ್ಳೆಯದು. ರಟ್ಟಿನ ತುಂಡಿಗೆ ಹೆಡ್ಡಿನ ಆಕಾರದಲ್ಲಿ ತೂತು ಮಾಡಿ ಬಿಚ್ಚಿದ ಕ್ರಮದಲ್ಲೇ ಚುಚ್ಚಿಡುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ. ಒಂದೇ ಬೋಲ್ಟಿನ ಮೈಗೆ ತುಕ್ಕು ಹಿಡಿದಿದ್ದರೆ ಅಲ್ಲಿ ನೀರು ನುಸುಳುತ್ತಿತ್ತು. ಒಂದು ಬೋಲ್ಟು ಬಿಚ್ಚುವಾಗ ಉಳಿದವುಗಳಿಗಿಂತ ಸಡಿಲವಿದ್ದರೆ ಆ ತೂತಿನ ಥ್ರೆಡ್ಡನ್ನು ಜಾಸ್ತಿ ಎಚ್ಚರದಿಂದ ನೋಡಬೇಕು.

ಹೊಸ ಬೋಲ್ಟನ್ನು ಕಂಪನಿಯ ಪಾರ್ಟ್ ನಂಬರ್ ಹಿಡಿದೇ ತನ್ನಿ. ಉದ್ದ ಸರಿ ಇದೆ, ದಪ್ಪ ಸರಿ ಇದೆ ಎಂದು ಹಾರ್ಡ್‌ವೇರ್ ಅಂಗಡಿಯ 8.8 ಬೋಲ್ಟು ತಂದು ಹಾಕಿದರೆ ಕೆಲಸ ಕೆಟ್ಟ ಹಾಗೆ. 10.9ರ ಲೆಕ್ಕದಲ್ಲಿ ಹೇಳಿದ ಡಿಗ್ರಿಗೆ ಅದು ತಡೆಯುವುದಿಲ್ಲ. ಹಾಗೆಂದು 12.9 ಇನ್ನೂ ಗಟ್ಟಿ, ಅದನ್ನೇ ಹಾಕುವ ಎಂಬ ಲೆಕ್ಕವೂ ಬೇಡ. ಅದು ಬೇರೆ ರೀತಿ ಹಿಗ್ಗುತ್ತದೆ. ಪೂರ್ತಿ ಸೆಟ್ಟಿನ ಬೆಲೆ ಹೆಡ್ ಇಳಿಸಿ ಏರಿಸುವ ಮಜೂರಿಯ ಮುಂದೆ ಸಣ್ಣದು. ಡೀಲರ್ ಕೌಂಟರಿನಲ್ಲೋ ಪರಿಚಯದ ಅಂಗಡಿಯಲ್ಲೋ ಬಿಲ್ ಸಮೇತ ತೆಗೆದುಕೊಳ್ಳಿ. ನಕಲಿ ಮಾಲು ಬರುವುದು ಇಂಥ ಪಾರ್ಟಿನಲ್ಲೇ.

ಇನ್ನು ಬಿಗಿಯುವ ಮೊದಲಿನ ಕೆಲಸ. ನನ್ನ ಪ್ರಕಾರ ಹೆಡ್ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಬ್ಲಾಕಿನಲ್ಲಿ ಬೋಲ್ಟು ಇಳಿಯುವ ತೂತುಗಳ ತಳ ಹೆಚ್ಚಿನ ಎಂಜಿನ್‌ಗಳಲ್ಲಿ ಮುಚ್ಚಿರುತ್ತದೆ. ಹೆಡ್ ಎತ್ತುವಾಗ ಕೂಲೆಂಟು, ಆಯಿಲ್ಲು ಎಲ್ಲ ಅದರೊಳಗೆ ಸುರಿಯುತ್ತದೆ. ಅದನ್ನು ತೆಗೆಯದೆ ಬೋಲ್ಟು ಇಳಿಸಿದರೆ ಏನಾಗುತ್ತದೆ? ದ್ರವ ಅದುಮಿಕೊಳ್ಳುವುದಿಲ್ಲ. ಬೋಲ್ಟು ಆ ನೀರಿನ ಮೇಲೆ ಕೂರುತ್ತದೆ, ಟಾರ್ಕ್ ರೆಂಚ್ ಟಕ್ ಎನ್ನುತ್ತದೆ, ಆದರೆ ಹೆಡ್ಡಿನ ಮೇಲೆ ಒತ್ತಡವೇ ಇರುವುದಿಲ್ಲ. ಇನ್ನೂ ತಿರುಗಿಸಿದರೆ ಬ್ಲಾಕೇ ಸೀಳುತ್ತದೆ. ಬೀಡುಕಬ್ಬಿಣದ ಬ್ಲಾಕು ಕೂಡ ಸೀಳಿದ್ದುಂಟು. ಆಮೇಲೆ ಬೇರೆ ಬ್ಲಾಕು ಹುಡುಕುವುದೇ ದಾರಿ. ಪ್ರತಿ ತೂತಿಗೂ ಕಂಪ್ರೆಸರ್ ಗಾಳಿ ಹೊಡೆದು, ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ತಳ ಒರೆಸಿ, ಒಣಗಿದೆ ಎಂದು ಟಾರ್ಚ್ ಹಾಕಿ ನೋಡಬೇಕು. ಗಾಳಿ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ, ಸಿಲಿಂಡರಿನ ಬಾಯಿ ಬಟ್ಟೆಯಿಂದ ಮುಚ್ಚಿರಲಿ. ನಮ್ಮಲ್ಲಿ ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನಲ್ಲೇ ನೀರು ತುಂಬಿರುತ್ತದೆ. ಮೊದಲು ಅದನ್ನು ಕೆಳಗಿನ ವಾಲ್ವಿನಿಂದ ಬಿಡಲು ಹೇಳಿ, ಇಲ್ಲದಿದ್ದರೆ ಒಣಗಿಸಲು ಹೋಗಿ ನೀರು ತುಂಬಿದಂತಾಗುತ್ತದೆ.

ತೂತಿನ ಥ್ರೆಡ್ ಕೊಳೆಯಾಗಿದ್ದರೆ ಹೊಸ ಥ್ರೆಡ್ ಕತ್ತರಿಸುವ ಟ್ಯಾಪ್ ಹಾಕಬಾರದು. ಅದು ಒಳ್ಳೆಯ ಲೋಹವನ್ನೂ ಕೆರೆದು ಥ್ರೆಡ್ಡನ್ನು ಸಡಿಲ ಮಾಡುತ್ತದೆ. ಲೋಹ ಕೆರೆಯದೆ ಕೊಳೆ ಮಾತ್ರ ತೆಗೆಯುವ ಥ್ರೆಡ್ ಚೇಸರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಹಳೆ ಹೆಡ್ ಬೋಲ್ಟಿಗೆ ಉದ್ದಕ್ಕೆ ಎರಡು ಗೀರು ಹಾಕಿ, ಚಿಮಿಣಿ ಎಣ್ಣೆ ಬಿಟ್ಟು ಕೈಯಲ್ಲೇ ಇಳಿಸಿ ಏರಿಸಿದರೆ ಕೊಳೆ ಬರುತ್ತದೆ. ಹಳೆ ಬೋಲ್ಟಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ಆಮೇಲೆ ಆ ಎಣ್ಣೆಯನ್ನೂ ಪೂರ್ತಿ ತೆಗೆಯಬೇಕು.

ಬ್ಲಾಕಿನ ಮೇಲ್ಮೈಯಲ್ಲಿ ಅಂಟಿದ ಹಳೆ ಗ್ಯಾಸ್ಕೆಟ್ ತೆಗೆಯಲು ಡ್ರಿಲ್ ಮೆಶಿನಿಗೆ ಉಜ್ಜುವ ಡಿಸ್ಕ್ ಸಿಕ್ಕಿಸಿ ತಿರುಗಿಸುವವರಿದ್ದಾರೆ. ದಯವಿಟ್ಟು ಬೇಡ ಎನ್ನಿ. ಅದರಿಂದ ಉದುರುವ ಪುಡಿ ಆಯಿಲ್ ದಾರಿಗೆ ಬಿದ್ದು ಬೇರಿಂಗ್ ತಿನ್ನುತ್ತದೆ. ಮೇಲ್ಮೈಯಲ್ಲಿ ತಗ್ಗು ಕೂಡ ಬೀಳುತ್ತದೆ. ಪ್ಲಾಸ್ಟಿಕ್ ಕೆರೆಯುವ ಪಟ್ಟಿ ಮತ್ತು ತಾಳ್ಮೆ ಸಾಕು. ಉಜ್ಜಿ ತೆರೆದ ಕಬ್ಬಿಣ ನಮ್ಮ ಹವೆಗೆ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಹೆಡ್ ಬರುವವರೆಗೆ ತೆಳುವಾಗಿ ಆಯಿಲ್ ಸವರಿ ಮುಚ್ಚಿಡಿ. ಗ್ಯಾಸ್ಕೆಟ್ ಇಡುವ ಮೊದಲು ಬ್ರೇಕ್ ಕ್ಲೀನರಿನಲ್ಲಿ ಒರೆಸಿ ಪೂರ್ತಿ ಒಣಗಿಸಿ.

ಲೇತಿನಿಂದ ಬಂದ ಹೆಡ್ಡನ್ನು ಹಾಗೆಯೇ ನಂಬಬೇಡಿ. ನೇರ ಪಟ್ಟಿ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿಸಿ. ಸಾಮಾನ್ಯವಾಗಿ 0.05 ಮಿಮೀ ಆಸುಪಾಸಿನ ಮಿತಿ ಇರುತ್ತದೆ, ಕೆಲವು ಎಂಜಿನ್‌ಗಳಲ್ಲಿ ಇನ್ನೂ ಕಡಿಮೆ. ಬ್ಲಾಕಿನ ಮೇಲೂ ಇದೇ ಪರೀಕ್ಷೆ ಆಗಬೇಕು. ಅದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಡೀಸೆಲ್ ಎಂಜಿನ್ ಆದ್ದರಿಂದ ಇನ್ನೊಂದು ವಿಷಯ: ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ, ಅಂಚಿನಲ್ಲಿ ತೂತು ಅಥವಾ ಕಚ್ಚಿನ ಗುರುತು ಇರುತ್ತದೆ. ಪಿಸ್ಟನ್ ಬ್ಲಾಕಿಗಿಂತ ಎಷ್ಟು ಮೇಲೆ ಬರುತ್ತದೆ ಎಂದು ಅಳೆದು ದಪ್ಪ ಆರಿಸಬೇಕು. ಅಂಗಡಿಯಲ್ಲಿ ಸಿಕ್ಕಿದ್ದು ಹಾಕುವುದಲ್ಲ. ಗ್ಯಾಸ್ಕೆಟ್ ಉಕ್ಕಿನ ಪದರಗಳದ್ದಾದರೆ ಮೇಲೆ ಯಾವ ಗಮ್ಮೂ ಹಚ್ಚಬೇಡಿ. ಟೈಮಿಂಗ್ ಕವರ್ ಸೇರುವ ಮೂಲೆಯಲ್ಲಿ ಮಾತ್ರ ಕೆಲವು ಎಂಜಿನ್‌ಗಳಿಗೆ ಸ್ವಲ್ಪ ಹೇಳಿರುತ್ತಾರೆ.

ಆಯಿಲ್ ಹಚ್ಚಬೇಕೇ ಎಂದು ಕೇಳಿದ್ದಿರಿ. ಮ್ಯಾನುವಲ್ ಹೇಳಿದ ಹಾಗೆ. ಹೆಚ್ಚಿನ ಕಾರುಗಳಲ್ಲಿ ಥ್ರೆಡ್ಡಿಗೂ ತಲೆಯ ಕೆಳಭಾಗಕ್ಕೂ ತೆಳುವಾಗಿ ಎಂಜಿನ್ ಆಯಿಲ್ ಎಂದಿರುತ್ತದೆ. ಕೆಲವು ಹೊಸ ಬೋಲ್ಟು ಕಂಪನಿಯಿಂದಲೇ ಏನಾದರೂ ಹಚ್ಚಿಕೊಂಡು ಬರುತ್ತದೆ. ಅದನ್ನು ತೊಳೆಯಬಾರದು. ಬೋಲ್ಟನ್ನು ಆಯಿಲಿನಲ್ಲಿ ಅದ್ದಿದರೆ ಸೋರುವವರೆಗೆ ಜಾಲರಿಯ ಮೇಲೆ ಬಿಡಿ, ಇಲ್ಲದಿದ್ದರೆ ತೂತಿನ ತಳದಲ್ಲಿ ಮತ್ತೆ ಅದೇ ದ್ರವದ ತೊಂದರೆ. ತೂತಿನೊಳಗೆ ಆಯಿಲ್ ಸುರಿಯುವುದಂತೂ ಬೇಡವೇ ಬೇಡ. ಗ್ರೀಸ್ ಬೇಡ. ತಾಮ್ರದ ಪೇಸ್ಟ್ ಬೇಡ. ಅವು ಆಯಿಲಿಗಿಂತಲೂ ಜಾರುತ್ತವೆ, ಟಾರ್ಕಿನ ಲೆಕ್ಕ ಹಾಳು. ಒಂದು ವಿನಾಯಿತಿ ಇದೆ. ಕೆಲವು ಎಂಜಿನ್‌ಗಳಲ್ಲಿ ಬೋಲ್ಟಿನ ತೂತು ನೀರಿನ ದಾರಿಗೆ ತೆರೆದಿರುತ್ತದೆ. ಅಲ್ಲಿ ಥ್ರೆಡ್ಡಿಗೆ ಸೀಲೆಂಟ್ ಹಚ್ಚಲು ಮ್ಯಾನುವಲ್ಲೇ ಹೇಳುತ್ತದೆ.

ಬಿಗಿಯುವುದು ಯಾವಾಗಲೂ ನಡುವಿನಿಂದ ಹೊರಕ್ಕೆ. ಚಾಪೆಯ ಸುಕ್ಕನ್ನು ನಡುವಿನಿಂದ ಅಂಚಿಗೆ ನೀವಿ ತೆಗೆಯುವ ಹಾಗೆ. ಮೂಲೆಗಳನ್ನು ಮೊದಲು ಬಿಗಿದರೆ ನಡುವಿನಲ್ಲಿ ಉಬ್ಬು ಸಿಕ್ಕಿಹಾಕಿಕೊಳ್ಳುತ್ತದೆ. ಬಿಚ್ಚುವುದು ಇದಕ್ಕೆ ತಿರುಗಾ, ಹೊರಗಿನಿಂದ ಒಳಕ್ಕೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಸ್ವಲ್ಪ ಸ್ವಲ್ಪವೇ. ಬಿಸಿ ಇರುವಾಗ ಬಿಚ್ಚಿದ ಹೆಡ್ಡು ಸೊಟ್ಟಗಾಗಬಹುದು.

ಕ್ರಮ ಹೇಗಿರುತ್ತದೆ ಎಂದು ತೋರಿಸಲು ಒಂದು ಮಾದರಿ ಹೇಳುತ್ತೇನೆ. ಈ ಅಂಕಿ ನಿಮ್ಮ ಎಂಜಿನ್‌ಗೆ ಅಲ್ಲ, ನಿಮ್ಮದನ್ನು ಮ್ಯಾನುವಲ್ಲಿನಿಂದಲೇ ತೆಗೆಯಬೇಕು. ಮೊದಲು ಎಲ್ಲ ಬೋಲ್ಟನ್ನೂ ಕೈಯಲ್ಲಿ ಇಳಿಸುವುದು. ಆಮೇಲೆ ಕ್ರಮದಲ್ಲಿ 20 ನ್ಯೂಟನ್ ಮೀಟರ್. ಮತ್ತೆ ಅದೇ ಕ್ರಮದಲ್ಲಿ 40. ಇನ್ನೊಂದು ಸುತ್ತು 40ಕ್ಕೇ ಪರೀಕ್ಷೆ, ಏಕೆಂದರೆ ಪಕ್ಕದ್ದು ಬಿಗಿದಾಗ ಮೊದಲು ಬಿಗಿದದ್ದು ಸ್ವಲ್ಪ ಸಡಿಲವಾಗಿರುತ್ತದೆ. ಈಗ ಪ್ರತಿ ಬೋಲ್ಟಿನ ತಲೆಯ ಮೇಲೂ ಬಿಳಿ ಪೇಂಟಿನಲ್ಲಿ ಒಂದೇ ದಿಕ್ಕಿಗೆ ಗೀಟು. ಕ್ರಮದಲ್ಲಿ 90 ಡಿಗ್ರಿ. ಎಲ್ಲ ಗೀಟೂ ಗಡಿಯಾರದ 12ರಿಂದ 3ಕ್ಕೆ ಬಂದಿರಬೇಕು. ಮತ್ತೊಂದು ಸುತ್ತು 90, ಎಲ್ಲವೂ 6ಕ್ಕೆ. ಯಾವ ಬೋಲ್ಟು ಬಿಟ್ಟುಹೋಗಿದೆ, ಯಾವುದು ಎರಡು ಸಲ ಆಗಿದೆ ಎಂದು ಗೀಟೇ ಹೇಳುತ್ತದೆ. ಡಿಗ್ರಿ ಗೇಜ್ ಇದ್ದರೆ ಇನ್ನೂ ಒಳ್ಳೆಯದು, 60 ಅಥವಾ 75 ಡಿಗ್ರಿ ಎಂದಿರುವ ಎಂಜಿನ್‌ಗಳಿಗೆ ಅದು ಬೇಕೇ ಬೇಕು. ಕೆಲವು ಹೆಡ್ಡುಗಳಲ್ಲಿ ಟೈಮಿಂಗ್ ಚೈನಿನ ಕಡೆ 8 ಮಿಮೀ ಸಣ್ಣ ಬೋಲ್ಟು ಇರುತ್ತದೆ. ಅದನ್ನು ಎಲ್ಲ ಮುಗಿದ ಮೇಲೆ, ಅದರದ್ದೇ ಸಣ್ಣ ಟಾರ್ಕಿಗೆ.

ತಿರುಗಿಸುವಾಗ ಉದ್ದನೆಯ ಹಿಡಿಯಿಂದ ಒಂದೇ ಎಳೆತದಲ್ಲಿ, ನಿಧಾನವಾಗಿ. ಜಗ್ಗಿ ಜಗ್ಗಿ ತಿರುಗಿಸಿದರೆ ಬೋಲ್ಟು ಹಿಡಿದು ಹಿಡಿದು ಜಾರುತ್ತದೆ. ಇಂಪ್ಯಾಕ್ಟ್ ಗನ್ ಈ ಕೆಲಸದ ಹತ್ತಿರವೂ ಬರಬಾರದು. ಡಿಗ್ರಿಯ ಸುತ್ತಿನಲ್ಲಿ ಬೋಲ್ಟು ಬಿಗಿಯಾಗುತ್ತಾ ಹೋಗಬೇಕು ಅಥವಾ ಒಂದೇ ಬಿಗಿಯಲ್ಲಿ ನಿಲ್ಲಬೇಕು. ಒಂದು ಬೋಲ್ಟು ಮಾತ್ರ ಬೆಣ್ಣೆಯಂತೆ ಸಡಿಲವಾಗಿ ತಿರುಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ಒಂದೋ ಬೋಲ್ಟು ಸೊಂಟ ಬಿಡುತ್ತಿದೆ, ಇಲ್ಲವೇ ಬ್ಲಾಕಿನ ಥ್ರೆಡ್ ಕಿತ್ತು ಬರುತ್ತಿದೆ. ನಿಮ್ಮದು ಬೀಡುಕಬ್ಬಿಣದ ಬ್ಲಾಕು, ಥ್ರೆಡ್ ಕೀಳುವುದು ಅಪರೂಪ. ಅಲ್ಯುಮಿನಿಯಂ ಬ್ಲಾಕಿನ ಗಾಡಿಗಳಲ್ಲಿ, ಅದರಲ್ಲೂ ಒಮ್ಮೆ ಚೆನ್ನಾಗಿ ಹೀಟ್ ಆದವುಗಳಲ್ಲಿ, ಇದು ಕಾಣಸಿಗುತ್ತದೆ. ಆಗ ತೂತನ್ನು ದೊಡ್ಡದು ಮಾಡಿ ಉಕ್ಕಿನ ಥ್ರೆಡ್ ಕೂರಿಸಬೇಕು. ಒಳ್ಳೆಯ ಮೆಶಿನ್ ಶಾಪಿನವರಿಗೇ ಕೊಡಿ, ಅಳತೆ ಸ್ವಲ್ಪ ಓರೆಯಾದರೂ ಬೋಲ್ಟು ಓರೆಯಾಗಿ ಕೂರುತ್ತದೆ.

ಟಾರ್ಕ್ ರೆಂಚಿನ ಬಗ್ಗೆ ಮೆಕ್ಯಾನಿಕ್‌ರನ್ನು ಕೇಳಲು ಸಂಕೋಚ ಬೇಡ. ಕ್ಲಿಕ್ ಆಗುವ ರೆಂಚನ್ನು 5000 ಕ್ಲಿಕ್ಕಿಗೋ ವರ್ಷಕ್ಕೋ ಒಮ್ಮೆ, ಯಾವುದು ಮೊದಲೋ ಆಗ, ಪರೀಕ್ಷೆ ಮಾಡಿಸಬೇಕು. ಕೆಲಸ ಮುಗಿದ ಮೇಲೆ ಅದನ್ನು ಕೆಳಗಿನ ಅಂಕಿಗೆ ಇಳಿಸಿಡಬೇಕು, ಬಿಗಿದೇ ಇಟ್ಟರೆ ಒಳಗಿನ ಸ್ಪ್ರಿಂಗು ಸೋಲುತ್ತದೆ. ಯೂನಿಟ್ಟನ್ನೂ ನೋಡಿ. ಹಳೆ ಮ್ಯಾನುವಲ್ ಕೆಜಿ ಮೀಟರಿನಲ್ಲಿ, ರೆಂಚು ಫುಟ್ ಪೌಂಡಿನಲ್ಲಿ, ಮೊಬೈಲಿನಲ್ಲಿ ಸಿಕ್ಕಿದ್ದು ನ್ಯೂಟನ್ ಮೀಟರಿನಲ್ಲಿ ಇರುತ್ತದೆ. ಒಂದು ಕೆಜಿ ಮೀಟರ್ ಅಂದರೆ 9.8 ನ್ಯೂಟನ್ ಮೀಟರ್. ಒಂದು ಫುಟ್ ಪೌಂಡ್ ಅಂದರೆ 1.36. ನ್ಯೂಟನ್ ಮೀಟರಿನ 60ನ್ನು ಫುಟ್ ಪೌಂಡಿನ ಗೆರೆಯಲ್ಲಿ ಇಟ್ಟರೆ 81ಕ್ಕೆ ಬಿಗಿದಂತಾಯಿತು.

500 ಕಿಮೀ ಆದ ಮೇಲೆ ಮತ್ತೆ ಬಿಗಿಯಬೇಕೇ ಎಂಬ ಪ್ರಶ್ನೆಗೆ ಉತ್ತರ: ಬೇಡ. ಹಳೆ ಗಾಡಿಗಳಲ್ಲಿ ಗ್ಯಾಸ್ಕೆಟ್ ಮೆತ್ತಗಿನ ವಸ್ತುವಿನದು. ಬಿಸಿಯಾಗಿ ತಣ್ಣಗಾದಾಗ ಅದು ತೆಳ್ಳಗಾಗಿ ಕೂರುತ್ತಿತ್ತು, ಬೋಲ್ಟು ಸಡಿಲವಾಗುತ್ತಿತ್ತು. ಅದಕ್ಕೆ ಮತ್ತೆ ಬಿಗಿಯುತ್ತಿದ್ದರು. ಆ ಪದ್ಧತಿ ಅಲ್ಲಿಗೆ ಸರಿ. ಉಕ್ಕಿನ ಪದರದ ಗ್ಯಾಸ್ಕೆಟ್ ಹಾಗೆ ಕೂರುವುದಿಲ್ಲ. ಸ್ಟ್ರೆಚ್ ಬೋಲ್ಟನ್ನು ಮತ್ತೆ ತಿರುಗಿಸಿದರೆ ಅದನ್ನು ಸುಮ್ನೆ ಇನ್ನಷ್ಟು ಹಿಗ್ಗಿಸಿದಂತೆ. "ನೋಡುವ, ಸ್ವಲ್ಪ ಹಿಡಿಯುತ್ತದಾ" ಎಂದು ಕಾಲು ಸುತ್ತು ಕೊಡುವುದು ಅತಿ ಅಪಾಯದ ಕೆಲಸ. ಡಿಗ್ರಿ ಮುಗಿದ ಮೇಲೆ ಸಂಶಯ ಬಂದು ಬಿಚ್ಚಿದರೆ ಆ ಬೋಲ್ಟುಗಳು ಹಳೆಯವಾದವು ಎಂದೇ ಲೆಕ್ಕ. ಒತ್ತಿದ ಗ್ಯಾಸ್ಕೆಟ್ಟೂ ಅಷ್ಟೇ.

ಇಷ್ಟೆಲ್ಲ ಮಾಡಿದರೂ ಮೊದಲು ಹೀಟ್ ಯಾಕೆ ಆಯಿತು ಎಂದು ನೋಡದಿದ್ದರೆ ಹಣ ದಂಡ. ಗ್ಯಾಸ್ಕೆಟ್ ಹೋದದ್ದರಿಂದ ಹೀಟ್ ಆಯಿತೋ, ಹೀಟ್ ಆದದ್ದರಿಂದ ಗ್ಯಾಸ್ಕೆಟ್ ಹೋಯಿತೋ? ಹೆಚ್ಚಾಗಿ ಎರಡನೆಯದು. ಥರ್ಮೋಸ್ಟಾಟ್ ಬದಲಿಸಿ, ವಾಟರ್ ಪಂಪಿನ ಬೇರಿಂಗ್ ಮತ್ತು ಸೋರಿಕೆ ನೋಡಿಸಿ, ಫ್ಯಾನ್ ಎರಡೂ ವೇಗದಲ್ಲಿ ತಿರುಗುತ್ತದೆಯಾ ಪರೀಕ್ಷಿಸಿ, ರೇಡಿಯೇಟರ್ ಒಳಗೂ ಹೊರಗೂ ತೊಳೆಸಿ. ಇಷ್ಟು ದಿನ ಬಾವಿ ನೀರು ಹಾಕುತ್ತಿದ್ದಿರಾ? ನಮ್ಮ ಮುರಕಲ್ಲಿನ ಬಾವಿ ನೀರು ಕುಡಿಯಲು ಒಳ್ಳೆಯದು. ಎಂಜಿನ್‌ಗೆ ಬೇಕಾದ ತುಕ್ಕು ತಡೆಯುವ ಅಂಶ ಅದರಲ್ಲಿಲ್ಲ. ಬ್ಲಾಕಿನ ಕಬ್ಬಿಣ ತುಕ್ಕಾಗಿ ರೇಡಿಯೇಟರಿನಲ್ಲಿ ಕೂರುತ್ತದೆ, ಹೆಡ್ಡಿನ ಅಲ್ಯುಮಿನಿಯಂ ನೀರಿನ ತೂತಿನ ಅಂಚಿನಲ್ಲಿ ಸವೆಯುತ್ತದೆ. ಆ ಸವೆತ ಗ್ಯಾಸ್ಕೆಟ್ ಕೂರುವ ಜಾಗದವರೆಗೆ ಬಂದಿದ್ದರೆ ಎಂಥ ಬೋಲ್ಟು ಹಾಕಿದರೂ ನೀರು ನಿಲ್ಲುವುದಿಲ್ಲ. ಲೇತಿನವರಿಗೆ ಅದನ್ನು ತೋರಿಸಿ ಕೇಳಿ.

ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿಯೇ ಸ್ಟಾರ್ಟ್ ಮಾಡಿಸಿ, ಹೆಡ್ ಎತ್ತುವಾಗ ಕೂಲೆಂಟ್ ಆಯಿಲಿಗೆ ಇಳಿದಿರುತ್ತದೆ. ಕಂಪನಿ ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ ತುಂಬಿಸಿ. ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಓಡಿಸಿ ಗಾಳಿ ಹೊರಹಾಕಿಸಿ. ಒಂದು ವಾರ ಪ್ರತಿ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಡಬ್ಬಿಯ ಗೆರೆ ನೋಡಿ. ಮೊದಲ ಒಂದೆರಡು ದಿನ ಸ್ವಲ್ಪ ಇಳಿದರೆ ಅದು ಉಳಿದ ಗಾಳಿ. ಅದರ ಮೇಲೂ ಇಳಿಯುತ್ತಿದ್ದರೆ, ಅಥವಾ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರಿನ ಮೇಲಿನ ಹೋಸು ಕಲ್ಲಿನಂತೆ ಗಟ್ಟಿಯಾದರೆ, ಘಾಟಿ ಕಡೆ ಹೋಗದೆ ನೇರ ಗ್ಯಾರೇಜಿಗೆ ಹೋಗಿ.